ಎಣ್ಣೆ ಹಚ್ಚಿದ ಎಲ್ಲೆಕಲ್ಲು

ಬಾವಿ ನಮ್ಮದಾಯಿತು. ಇವತ್ತು ಸರ್ವೆಯವರು ಹೊಲ ಅಳೆದು, ಬಾವಿ ನಮ್ಮ ಎಲ್ಲೆಯೊಳಗೇ ಇದೆ, ಕಲ್ಲನ್ನು ಯಾರೂ ಸರಿಸಿಲ್ಲ ಎಂದು ಬರೆದುಕೊಟ್ಟರು. ಗೆಲ್ಲಿಸಿದ್ದು ನನ್ನ ಮೊಮ್ಮಗಳು ಗೌರಿ, ಒಂದು ಹಿಡಿ ಬೂದಿಯಿಂದ. ಅಗಳಿಯಿಂದ ಮಡಕಶಿರಾದವರೆಗೂ ಸಿಕ್ಕಸಿಕ್ಕವರಿಗೆ ಹೇಳಿಕೊಂಡು ಹೋಗುತ್ತಿದ್ದೆ. ಮಂಡಿ ನೋವು, ಅದಕ್ಕೇ ನಿಮ್ಮನ್ನು ಹಿಡಿದು ಕೂರಿಸಿದ್ದೇನೆ. ಎರಡನೇ ಕ್ಲಾಸಿಗೆ ಬಿಟ್ಟವನ ಬರಹ, ಸಹಿಸಿಕೊಳ್ಳಿ.

ಸಂಜೆ ದೀಪಕ್ಕೆ ಹರಳೆಣ್ಣೆ ಹಾಕುವಾಗ ಆ ವಾಸನೆಗೆ ಹಳೇ ಸಿಟ್ಟು ಮತ್ತೆ ಎದ್ದಿತು. ನನಗೆ ಹೊಸದಾಗಿ ಮದುವೆಯಾಗಿದ್ದಾಗ ಹಿಂದಿನ ಸರ್ವೆ ಬಂದಿತ್ತು. ನಮ್ಮಲ್ಲಿ ಎಲ್ಲೆಕಲ್ಲೂ ದೇವರೇ. ದೊಡ್ಡವರು ಹೊಲಕ್ಕೆ ಬರುತ್ತಾರೆಂದು ನಮ್ಮವ್ವ ಆ ಕರೀಕಲ್ಲಿಗೆ ಎಣ್ಣೆ ಬಳಿದು ಕನ್ನಡಿ ಹಾಗೆ ಮಿಂಚಿಸಿದಳು. ಸರ್ವೆಯವನು ದುರ್ಬೀನಿಗೆ ಕಣ್ಣಿಟ್ಟು ಗೆರೆ ಹಿಡಿದ. ಬಾವಿ ಪಕ್ಕದ ಹೊಲಕ್ಕೆ ಸೇರಿತು.

ಅಷ್ಟಕ್ಕೇ ಬಿಡಲಿಲ್ಲ. "ಏನಮ್ಮ, ಕಲ್ಲು ಸರಿಸಿ ಎಣ್ಣೆ ಬಳಿದು ಕೂತಿದೀಯಾ?" ಅಂದ, ಊರವರ ಮುಂದೆ. ನಮ್ಮ ಕಡೆ ಕಲ್ಲು ಸರಿಸುವುದು ಕಳ್ಳತನಕ್ಕಿಂತ ಕಡೆ. ಅವ್ವ ತಾನೇ ನಿಂತು ತೋಡಿಸಿದ ಬಾವಿಯ ಹನಿ ನೀರನ್ನೂ ಆಮೇಲೆ ಮುಟ್ಟಲಿಲ್ಲ, ಹಾಗೇ ತೀರಿಹೋದಳು. ಕಣ್ಣು ಕುಕ್ಕಿದ್ದು ಅವನಿಗೆ, ಕಳ್ಳಿಯಾದದ್ದು ನಮ್ಮವ್ವ. ಇದು ಯಾವ ನ್ಯಾಯ, ನೀವೇ ಹೇಳಿ.

ಇವತ್ತೂ ನಾನು ಬೆಳಿಗ್ಗೆಯೇ ಕಲ್ಲಿಗೆ ಎಣ್ಣೆ ಹಚ್ಚಿ ಬಂದಿದ್ದೆ. ಬುದ್ಧಿ ಬರಲಿಲ್ಲ ನೋಡಿ. ಹೊಸ ಸರ್ವೆಯವರು ದುರ್ಬೀನು ಬಿಟ್ಟು ಕಣ್ಣುಜ್ಜಿಕೊಂಡರು. "ಒಂದು ಪಕ್ಕ ಬೆಂಕಿ ಹಂಗೆ ಹೊಳೀತೈತೆ, ಗುರುತು ಕಾಣ್ತಿಲ್ಲ ಯಜಮಾನ್ರೆ."

ಹೊಲದ ಬದುವಿನಲ್ಲಿ ಬಿಂದಿಗೆ ಬೆಳಗುತ್ತಿದ್ದ ಗೌರಿ ಬೂದಿ ಕೈಯಲ್ಲೇ ಎದ್ದು ಬಂದಳು.

"ತಾತ, ಬೆಳಗಿದ ಬಿಂದಿಗೇಲಿ ನನ್ನ ಮೂತಿ ಕಾಣ್ತೈತೆ, ಬಿಂದಿಗೆ ತಗ್ಗು ಕಾಣಲ್ಲ. ಬೂದಿ ಮೆತ್ತಿದ್ರೇನೆ ತಗ್ಗು ಕಾಣೋದು."

"ದೇವರಿಗೆ ಬೂದಿ ಬಳೀತೀಯೇನೇ?"

"ಶಿವನಿಗೆ ಬಳಿಯಲ್ವಾ?"

ಬಳಿದೇಬಿಟ್ಟಳು. ಸರ್ವೆಯವರು ಮತ್ತೆ ನೋಡಿ, ಹಳೇ ನಕ್ಷೆ ಬಿಡಿಸಿ, ಗೆರೆಗೆ ಗೆರೆ ಹೋಲಿಸಿದರು. "ಹಿಂದೆ ಅಳೆದವರು ಕಲ್ಲು ಬಿಟ್ಟು ಹೊಳಪು ಅಳೆದವ್ರೆ" ಅಂದರು. ಉಳುವವರಿಗೆ ಬಿಡಿಸಿ ಹೇಳಬೇಕಿಲ್ಲ: ಸಾಲು ಇಲ್ಲಿ ಬೆರಳಷ್ಟು ಸೊಟ್ಟಾದರೆ ಆ ತುದಿಯಲ್ಲಿ ಮಾರಷ್ಟು. ಬಾವಿ ಇರುವುದು ಆ ತುದಿಯಲ್ಲೇ.

ಸಂಜೆ ಮನೆಯವರೆಲ್ಲ ಒಟ್ಟಿಗೆ ಮುದ್ದೆ, ಹುರುಳಿ ಸಾರಿಗೆ ಕೂತೆವು. ಗೌರಿ ಆ ಬಾವಿಯಿಂದಲೇ ನೀರು ತಂದಿದ್ದಳು. ಬಿಂದಿಗೆಯ ಕುತ್ತಿಗೆಗೆ ಬೂದಿ ಅಂಟಿತ್ತು. ಸೊಸೆ ಒರೆಸಲು ಹೋದಳು, "ಇರಲಿ ಬಿಡಮ್ಮ" ಅಂದೆ. ಮೊದಲ ಲೋಟ ಅವ್ವನ ಹೆಸರಲ್ಲಿ ಇಟ್ಟು, ಎರಡನೆಯದು ನಾನು ಕುಡಿದೆ. ಅವ್ವ ಹೊಗಳುತ್ತಿದ್ದಷ್ಟು ಸಿಹಿಯೇನಲ್ಲ, ಸ್ವಲ್ಪ ಒಗರು. ಇನ್ನೊಂದು ಲೋಟ ಕೇಳಿದೆ.