ಬಿಸಿನೀರಿಗೆ ಹೋದ ಮಾತು ಬಿಟ್ಟವರು

ನೆಲದಿಂದ ಬಿಸಿನೀರು ತಾನಾಗಿಯೇ ಬರುತ್ತದೆ ಎಂದರೆ ನಮ್ಮ ಅವ್ವ ಇವತ್ತಿಗೂ ನಂಬುವುದಿಲ್ಲ. ನಮ್ಮ ಮನೆಯಲ್ಲಿ ಬಿಸಿನೀರು ಕೂಸಿಗೆ, ಬಾಣಂತಿಗೆ, ಜ್ವರ ಬಂದವರಿಗೆ ಮಾತ್ರ. ಕುರಿ ಕಾಯುವವರ ಆ ಮನೆಯಲ್ಲಿ ಮೊದಲು ಬಿ.ಎ. ಪಾಸಾದವನು ನಾನು. ಸಿಂದಗಿಯಲ್ಲಿ ನೌಕರಿ ಹಿಡಿದ ಮೇಲೆ ಜ್ವರವಿಲ್ಲದೆಯೂ ದಿನಾ ಬಿಸಿನೀರು ಸುರಿದುಕೊಂಡೆ. ಓದಿ ಏನು ಸಿಕ್ಕಿತು ಎಂದು ಯಾರಾದರೂ ಕೇಳಿದರೆ ಮೊದಲು ಇದನ್ನೇ ಹೇಳುತ್ತೇನೆ.

ಕೊಂಕಣದ ಬಿಸಿನೀರಿನ ಬುಗ್ಗೆಗೆ ಗೆಳೆಯರನ್ನು ಹೊರಡಿಸಿದವನೂ ನಾನೇ. ನಿಜವಾದ ಕಾರಣ ಬೇರೆ. ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲೇ ಇದ್ದ ತಾಂಬಾದ ಗುರುಪಾದ ಮತ್ತು ಆಲಮೇಲದ ಶಾಂತಪ್ಪ ಮಾತು ಬಿಟ್ಟು ಎರಡು ವರ್ಷವಾಗಿತ್ತು. ನಮ್ಮ ಕಡೆ ಮನೆಗೆ ಬಂದು ಬಾಯಿಬಿಟ್ಟು ಕರೆದರೆ ಅದು ಕರೆ. ಗುರುಪಾದ ತನ್ನ ಹೊಸ ಮನೆಯ ವಾಸ್ತುಶಾಂತಿ ಪತ್ರಿಕೆಯನ್ನು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದ. ಶಾಂತಪ್ಪ ಹೋಗಲಿಲ್ಲ. ಅಷ್ಟೇ.

ಒಬ್ಬ ಬರುತ್ತಾನೆಂದು ಇನ್ನೊಬ್ಬನಿಗೆ ನಾನು ತಿಳಿಸಿರಲಿಲ್ಲ. ಟ್ರ್ಯಾಕ್ಸ್ ಜೀಪಿನಲ್ಲಿ ನನ್ನನ್ನು ನಡುವೆ ಹಾಕಿಕೊಂಡು ಇಬ್ಬರೂ ಒಂದೊಂದು ಕಿಟಕಿ ನೋಡಿದರು. ಈ ಸಲ ಒಂದಾಗದಿದ್ದರೆ ಇವರು ಒಬ್ಬರ ಮಣ್ಣಿಗೂ ಒಬ್ಬರು ಹೋಗಲಿಕ್ಕಿಲ್ಲ ಎಂಬ ಹೆದರಿಕೆ ನನಗೆ.

ಸಂಜೆ ಬುಗ್ಗೆಯ ಊರು ಮುಟ್ಟಿ, ರಾಶಿ ಮುಚ್ಚುವ ತಾಡಪತ್ರಿಯನ್ನೇ ಎರಡು ಮರಕ್ಕೆ ಕಟ್ಟಿ ಡೇರೆ ಮಾಡಿದೆವು. ಕಟಕ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದೆವು.

"ಅವಗ ಹೇಳು, ಹಿಂಡಿ ಡಬ್ಬಿ ಈ ಕಡಿ ಸರಸು ಅಂತ," ಎಂದ ಶಾಂತಪ್ಪ, ನನಗೆ.

"ಅವಗ ಹೇಳು, ಕೈ ಚಾಚಿದ್ರ ಸಿಗತೈತಿ ಅಂತ," ಎಂದ ಗುರುಪಾದ, ಅದೂ ನನಗೇ.

ಇಷ್ಟು ಓದಿ ಕೊನೆಗೆ ಡಬ್ಬಿ ಸರಿಸುವ ಕೆಲಸ ಸಿಕ್ಕಿತು.

ಬೆಳಿಗ್ಗೆ ಬುಗ್ಗೆಗೆ ಹೋದೆವು. ರಾಮ ಬಾಣ ಬಿಟ್ಟ ಜಾಗವೆಂದು ಊರವರು, ಗಂಧಕವೆಂದು ನನ್ನ ಪುಸ್ತಕ. ಕುಂಡದಲ್ಲಿ ಸೋಪು ಹಚ್ಚುವಂತಿಲ್ಲ. ನೀರು ಹೊರಗೆ ಹರಿಯುವ ಕಾಲುವೆಯ ಕಲ್ಲಿನ ಮೇಲೆ ಶಾಂತಪ್ಪ ಕುಳಿತ. ದಿನಾ ಬಿಸಿನೀರಿನವನಾದ ನಾನು ಅದರ ಕಾವಿಗೆ ಹೆದರಿ ಬರೀ ಪಾದ ಇಳಿಬಿಟ್ಟು ಕೂತಿದ್ದೆ.

"ಲೇ ಬಿ.ಎ. ಸಾಹೇಬ, ಬೆನ್ನ ತಿಕ್ಕೋ," ಎಂದ ಶಾಂತಪ್ಪ. ಮುಖದ ತುಂಬ ಸೋಪು, ಕಣ್ಣು ಮುಚ್ಚಿತ್ತು.

ನಾನು ಏಳುವಷ್ಟರಲ್ಲಿ ಗುರುಪಾದ ಅವನ ಹಿಂದೆ ಕುಳಿತು ತಿಕ್ಕತೊಡಗಿದ್ದ. ನಾನು ಇದ್ದಲ್ಲೇ ಮತ್ತೆ ಕುಳಿತೆ.

"ಏನು ಹದಾ ತಿಕ್ಕತೀಯೋ!" ಎಂದ ಶಾಂತಪ್ಪ. "ಅವ ಮನಿಗೆ ಬಂದು ಒಂದ್ ಮಾತು ಬಾ ಅಂದಿದ್ರ, ಅವನಕಿಂತ ಮೊದಲ ನಾ ಹೊಸ್ತಿಲಾ ದಾಟತಿದ್ದೆ ನೋಡು," ಎಂದ.

ಬೆನ್ನಿನ ಮೇಲಿನ ಕೈ ನಿಂತಿತು.

"ಕರೀಯೋದು ಪರರನ್ನ ಲೇ," ಎಂದ ಗುರುಪಾದ. "ನೀ ಹಿಂದಿನ ದಿನಾನ ಬಂದು ಹಂದರಾ ಹಾಕ್ತಿ ಅಂತ ತಿಳಕೊಂಡಿದ್ದೆ. ಸಂಜಿತನಾ ಹಾದಿ ನೋಡೇನಿ."

ಶಾಂತಪ್ಪ ತಿರುಗಲಿಲ್ಲ, ಮುಖವನ್ನೂ ತೊಳೆದುಕೊಳ್ಳಲಿಲ್ಲ. ನೀರು ಗುಳುಗುಳು ಎನ್ನುತ್ತಿತ್ತು. ಎದ್ದು ಹೊರಟರೆ ಹಿಡಿದು ಕೂರಿಸಬೇಕೆಂದು ನಾನು ನೀರಿನಿಂದ ಪಾದ ಮೇಲೆತ್ತಿಕೊಂಡೆ.

"ಇನ್ನಷ್ಟ್ ಮ್ಯಾಲೆ ತಿಕ್ಕು," ಎಂದ, ಕಣ್ಣೊರೆಸಿಕೊಳ್ಳುತ್ತ. "ಹಾಂ, ಅಲ್ಲೇ."

ಸೋಪಿನ ಮುಖದವನು ಕಣ್ಣೊರೆಸಿಕೊಂಡರೆ ಯಾರೂ ಕಾರಣ ಕೇಳುವುದಿಲ್ಲ. ಗಂಡಸರು ಇನ್ನಷ್ಟು ಸಲ ಜೊತೆಗೆ ಸ್ನಾನ ಮಾಡಬೇಕು ಎಂದು ನನಗೆ ಅನಿಸಿತು.