ಆಯಮ್ಮನ ಹನ್ನೆರಡು ರಟ್ಟು

ಆಯಮ್ಮನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಹುಡುಗಿಯಾಗಿದ್ದಾಗಿನಿಂದ ಬಿದಿರು ಸೀಳಿ, ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆ ಹೆಣೆದ ಕೈ ಅದು. ಹಂಗಳದ ಕಡೆಯ ನಮ್ಮ ಅಂಗನವಾಡಿಯಲ್ಲಿ ನಾನು ಟೀಚರ್, ಅವರು ಸಹಾಯಕಿ. ಅಡುಗೆ ಮಾಡಬೇಕು, ಕಸ ಗುಡಿಸಬೇಕು, ಮಕ್ಕಳ ಮೂಗು ಒರೆಸಬೇಕು. ಅವರಿಂದ ಕೇಳಿದ್ದು ಇಷ್ಟೇ.

ಅವರು ಅಷ್ಟಕ್ಕೆ ಸುಮ್ಮನಾಗುವ ಪೈಕಿಯಲ್ಲ. ಅಂಗಡಿಯಿಂದ ಬಿಸ್ಕೆಟ್ ಡಬ್ಬದ ರಟ್ಟು ತಂದು, ಮೇಲೆ ಕೆಳಗೆ ಕತ್ತರಿಯಿಂದ ಕಚ್ಚು ಮಾಡಿ, ನೂಲು ಸುತ್ತಿ ಬಿಗಿಯುತ್ತಿದ್ದರು. ಹಳೇ ಸೀರೆಯ ಪಟ್ಟಿಗಳನ್ನು ಮಕ್ಕಳ ಕೈಗೆ ಕೊಟ್ಟು "ಒಂದೆಳೆ ಮ್ಯಾಕೆ, ಒಂದೆಳೆ ಕೆಳಕ್ಕೆ" ಎಂದು ರಾಗವಾಗಿ ಹೇಳುತ್ತಿದ್ದರು. ಹತ್ತರವರೆಗೆ ಎಣಿಸಲು ಬಾರದ ಮಕ್ಕಳೂ ನಾಲಿಗೆ ಕಚ್ಚಿಕೊಂಡು ನೇಯುತ್ತಿದ್ದವು. ಎಳೆ ತಪ್ಪಿದ್ದನ್ನು ನಾನು ತಿದ್ದಲು ಹೋದರೆ ನನ್ನ ಕೈ ಮೇಲೊಂದು ಏಟು. "ಬುಡು ಕಣಮ್ಮಿ, ನಾಳೀಕೆ ಅದೇ ಕಂಡ್ಕತದೆ" ಎನ್ನುತ್ತಿದ್ದರು. ನಿಜವಾಗಿಯೂ ಮಗು ಮರುದಿನ ತಾನೇ ಕಂಡುಕೊಳ್ಳುತ್ತಿತ್ತು.

ನೇಯ್ದು ಮುಗಿದ ಮೇಲೆ ಹಿಂದಿನಿಂದ ನೂಲು ಕತ್ತರಿಸಿ, ಎರಡೆರಡು ಎಳೆ ಸೇರಿಸಿ ಗಂಟು ಹಾಕಬೇಕು. ಇಲ್ಲದಿದ್ದರೆ ರಟ್ಟಿನಿಂದ ತೆಗೆದ ಕೂಡಲೇ ಎಲ್ಲ ಬಿಚ್ಚಿಹೋಗುತ್ತದೆ. ಆಯಮ್ಮನ ಕಣ್ಣಿಗೆ ಪೊರೆ ಬಂದಿದ್ದರಿಂದ ಗಂಟಿನ ಕೆಲಸ ನನ್ನದು.

ಒಂದು ದಿನ ಸೂಪರ್‌ವೈಸರ್ ಬಂದಳು. ಅವಳಿಗೆ ಬಹುವಚನ ಕೊಡಲು ನನಗೆ ಈಗಲೂ ನಾಲಿಗೆ ಹೊರಳುವುದಿಲ್ಲ. ಸಿಂಚನಾ ಎಂಬ ನಾಲ್ಕು ವರ್ಷದ ಹುಡುಗಿ ಓಡಿಹೋಗಿ ತನ್ನ ರಟ್ಟು ತೋರಿಸಿದಳು. ಸೊಟ್ಟಗಿದೆ ಎಂದು ಆ ಮಹಾತಾಯಿ ಪಟ್ಟಿಗಳನ್ನು ಒಂದೊಂದಾಗಿ ಎಳೆದು ನೆಲಕ್ಕೆಸೆದಳು. ಆಯಮ್ಮನ ಕಡೆ ತಿರುಗಿ, "ಕಸ ಗುಡಿಸೋರು ಗುಡಿಸ್ಕೊಂಡಿರಿ. ಪಾಠ ಹೇಳೋಕೆ ನೀವ್ಯಾರು?" ಎಂದಳು. ಮಗು ಬಿಕ್ಕಿತು. ಆಯಮ್ಮ ಬಗ್ಗಿ ಪಟ್ಟಿಗಳನ್ನು ಆರಿಸಿಕೊಂಡರು. ನಿನಗೆ ಮಾಡ್ತೀನಿ ಇರು ಎಂದು ನಾನು ಒಳಗೇ ಅಂದುಕೊಂಡೆ.

ಎರಡೇ ತಿಂಗಳಿಗೆ ಕಾಲ ಕೂಡಿ ಬಂತು. ಚಾಮರಾಜನಗರದಲ್ಲಿ ಮಕ್ಕಳ ಕೈಕೆಲಸದ ಪ್ರದರ್ಶನ. ಅದೇ ನೇಯ್ಗೆ ಹನ್ನೆರಡು ಬೇಕೆಂದು ಅವಳದೇ ಫೋನು! ಅಲ್ಲಿನ ಬೋರ್ಡಿನ ಮೇಲೆ ಮಾರ್ಗದರ್ಶಕಿ ಎಂದು ಅವಳದೇ ಹೆಸರಂತೆ. ಕೊಡುವುದೇ ಬೇಡ ಎಂದೆ. ಮಕ್ಕಳು ಮಾಡಿದ್ದನ್ನು ನಾಲ್ಕು ಜನ ನೋಡಲಿ ಎಂಬುದು ಆಯಮ್ಮನ ಆಸೆ. ಸಿಂಚನಾ ಕೂಡ ಮೊದಲಿಂದ ಮತ್ತೆ ನೇಯ್ದಿದ್ದಳು. ನಾನು ಹನ್ನೆರಡರ ನೂಲನ್ನೂ ಕತ್ತರಿಸಿದೆ, ಒಂದಕ್ಕೂ ಗಂಟು ಹಾಕಲಿಲ್ಲ. ತುದಿಗಳನ್ನು ಕಚ್ಚಿನಲ್ಲಿ ಸಿಕ್ಕಿಸಿ ಪ್ರದರ್ಶನದಲ್ಲಿ ಅವಳ ಮೇಜಿನ ಮೇಲೆ ಜೋಡಿಸಿದೆ.

ದೊಡ್ಡ ಅಧಿಕಾರಿಗಳ ಮುಂದೆ ಅವಳು ಒಂದನ್ನು ರಟ್ಟಿನಿಂದ ಎತ್ತಿ ಹಿಡಿದಳು. ಕಳಚಿ ಕಾಲ ಮೇಲೆ ಬಿತ್ತು. ಗಾಬರಿಯಲ್ಲಿ ಇನ್ನೊಂದು ಎತ್ತಿದಳು, ಮತ್ತೊಂದು ಎತ್ತಿದಳು, ಹನ್ನೆರಡೂ ಹೋಯಿತು. ಇದನ್ನು ಮಕ್ಕಳಿಗೆ ಹೇಗೆ ಕಲಿಸಿದಿರಿ ಎಂದು ಯಾರೋ ಕೇಳಿದರು. ಅವಳ ಮುಖ ಸುಟ್ಟ ಬದನೆಕಾಯಿ. ಆಹಾ, ಆ ಸುಖವನ್ನು ನಾನೇಕೆ ಮುಚ್ಚಿಡಲಿ? ನೆನೆದರೆ ಇವತ್ತಿಗೂ ಬಾಯಿ ಸಿಹಿಯಾಗುತ್ತದೆ.

ನಮ್ಮ ಜೊತೆ ಬಂದಿದ್ದ ಸಿಂಚನಾ ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದಳು. ಆಯಮ್ಮ ನೆಲದ ಮೇಲೆ ಕೂತು ನೂಲು ಹೆಕ್ಕಿ, ತುದಿಗಳನ್ನು ಸವರಿ ನೋಡಿದರು. ಅವರಿಗೆ ಅಷ್ಟು ಸಾಕಿತ್ತು. ವಾಪಸು ಬರುವಾಗ ಬಸ್ಸು ತೆರಕಣಾಂಬಿ ದಾಟಿದ ಮೇಲೆ ಆಯಮ್ಮ ನನ್ನ ಕಡೆ ತಿರುಗಿದರು.

"ಅವ್ಳು ಬಿಚ್ಚಿದ್ದು ಒಂದು. ನೀನು ಅನ್ನೆರಡೂ ಬಿಚ್ಬುಟ್ಟೆ ಕಣಮ್ಮಿ" ಎಂದರು. "ಮಕ್ಳಿಗೆ ನಿಜ ಯೋಳ್ಬುಡು, ನಾನೇ ಮಾಡ್ದೆ ಅಂತ."

ಹೇಳಿದರೆ ಅವಳ ಕಿವಿಗೆ ಬಿದ್ದು ನನ್ನ ಕೆಲಸ ಹೋಗುತ್ತದೆ ಎಂದೆ. ಅವರು ಮತ್ತೆ ಆ ಮಾತು ತೆಗೆಯಲಿಲ್ಲ. ರಟ್ಟು ಕತ್ತರಿಸುವುದನ್ನೂ ನಿಲ್ಲಿಸಲಿಲ್ಲ. ಗಂಟಿನ ಕೆಲಸ ಮಾತ್ರ ಮತ್ತೆಂದೂ ನನ್ನ ಕೈಗೆ ಕೊಡಲಿಲ್ಲ, ಕಣ್ಣು ಕಾಣದಿದ್ದರೂ ತಡವಿ ತಡವಿ ತಾವೇ ಹಾಕಿದರು.

ಕಳೆದ ವರ್ಷ ಆಯಮ್ಮ ತೀರಿಕೊಂಡರು. ಅವರ ಮನೆ ಮುಂದೆ ಜನ ಕೂತಿದ್ದಾಗ, ಅಷ್ಟರಲ್ಲಿ ಒಂದನೇ ಕ್ಲಾಸಿಗೆ ಸೇರಿದ್ದ ಸಿಂಚನಾ ಯೂನಿಫಾರ್ಮಿನಲ್ಲೇ ಬಂದು ನನ್ನ ಪಕ್ಕ ಕೂತಳು. ಆವತ್ತು ತನ್ನದು ಬಿಚ್ಚಿಹೋಗಿದ್ದು ತಾನು ತಪ್ಪು ನೇಯ್ದಿದ್ದಕ್ಕಾ ಎಂದು ಕೇಳಿದಳು. ಆಯಮ್ಮನನ್ನು ಎಷ್ಟೋ ಸಲ ಕೇಳಿದ್ದಳಂತೆ. ನಿಮ್ಮ ಟೀಚರನ್ನೇ ಕೇಳು ಎಂದಿದ್ದರಂತೆ.

ನೀನು ಸರಿಯಾಗೇ ನೇಯ್ದಿದ್ದೆ, ನಾನೇ ಬಿಚ್ಚುವ ಹಾಗೆ ಮಾಡಿದೆ ಎಂದೆ. ಯಾಕೆ ಎಂದಳು. ಆ ಮೇಡಂ ಮೇಲಿನ ಸಿಟ್ಟಿಗೆ ಎಂದೆ.

ಅವಳು ಮತ್ತೆ ತನ್ನ ಬೆರಳುಗಳನ್ನೇ ನೋಡಿಕೊಂಡಳು.

"ಆದ್ರೆ ಅದು ನಂದಲ್ವಾ ಟೀಚರ್?"