ಪಾಸ್‌ವರ್ಡ್ ಕೇಳದ ಪುಟ

ರೇಣುಕಕ್ಕ, ಆ ಹೆಣ್ಣುಮಕ್ಕಳ ಫೋನ್ ನಂಬರುಗಳನ್ನು ಹೊರಗೆ ಬಿಟ್ಟವರು ನೀವಲ್ಲ. ಬಿಟ್ಟದ್ದು ನಾನು ಮಾಡಿಕೊಟ್ಟ ವೆಬ್‌ಸೈಟು. ಅದು ನನಗೆ ಆಗಲೇ ಗೊತ್ತಿತ್ತು — ಗೊತ್ತಿದ್ದೂ ನಿಮ್ಮ ಕಡೆ ಬೆರಳು ತೋರಿಸಿದೆ.

ವಿಜಯನಗರದ ಆ ವಧೂವರರ ಕೇಂದ್ರದಲ್ಲಿ ನಿಮ್ಮದೊಂದು ಕಟ್ಟುನಿಟ್ಟಿತ್ತು. ಜಾತಕ ಕೂಡಿಬಂದು, ಹೆಣ್ಣಿನ ಮನೆಯವರು ಹೂಂ ಎನ್ನುವವರೆಗೆ ಫೋಟೋ ಆಗಲಿ ನಂಬರ್ ಆಗಲಿ ಬೀರುವಿನಿಂದ ಹೊರಗೆ ಬರುತ್ತಿರಲಿಲ್ಲ. ಮಾಲೀಕರಾದ ರಂಗಣ್ಣನವರು ಎಲ್ಲವನ್ನೂ ಆನ್‌ಲೈನ್ ಮಾಡಿಕೊಡಲು ಹೇಳಿದಾಗ, "ಎಲ್ಲಾ ನಾನೇ ಕೂತು ನಿಮಗೋಸ್ಕರಾನೇ ಬರೀತೀನಿ ಸಾರ್" ಎಂದು ಜಂಬ ಕೊಚ್ಚಿಕೊಂಡೆ. ಬರೆದದ್ದೇನು ಮಣ್ಣು! ಪುಕ್ಕಟೆ ಸಿಗುವ ಒಂದು ಸ್ಟಾರ್ಟರ್ ಕಿಟ್ ಇಳಿಸಿಕೊಂಡೆ — ಲಾಗಿನ್, ಹುಡುಕಾಟ, ಫೋಟೋ ಪುಟ ಎಲ್ಲವನ್ನೂ ಯಾರೋ ಮೊದಲೇ ಜೋಡಿಸಿಟ್ಟ ಸಿದ್ಧ ಸೈಟು. ಹೆಸರು, ಬಣ್ಣ ಬದಲಾಯಿಸಿದೆ. ಒಳಗೇನಿದೆ ಎಂದು ಓದಲಿಲ್ಲ. ಸೈಟು ಓಡುತ್ತಿತ್ತಲ್ಲ, ಇನ್ನೇನು ಬೇಕು ಎನಿಸಿತ್ತು.

ಆಮೇಲೆ ಗುರುತಿಲ್ಲದ ಗಂಡಸರು ಆ ಹುಡುಗಿಯರಿಗೆ ಫೋನ್ ಮಾಡತೊಡಗಿದರು. ಒಬ್ಬಳ ತಂದೆ ಕೇಂದ್ರಕ್ಕೇ ಬಂದು ಕೂಗಾಡಿದರು. ಬೀರುವಿನ ಬೀಗದ ಕೈ, ಕಂಪ್ಯೂಟರಿನ ಪಾಸ್‌ವರ್ಡ್ ಎರಡೂ ಇದ್ದದ್ದು ನಿಮ್ಮ ಹತ್ತಿರ. ನೀವು ಫೋನ್ ಹಿಡಿದು ಹೊರಗೆ ಹೋದರೆ ಸಾಕು, ಎಲ್ಲರೂ ಕಿಟಕಿಯಿಂದ ಇಣುಕುತ್ತಿದ್ದರು. ನಾನೂ ಇಣುಕಿದೆ — ಯಾರ ಜೊತೆ ಇಷ್ಟೊಂದು ಮಾತು, ಅದೂ ದನಿ ತಗ್ಗಿಸಿ... ಗದಗಿನಲ್ಲಿ ನಿಮ್ಮ ತಾಯಿಗೆ ಹುಷಾರಿಲ್ಲವೆಂದು ಆಮೇಲೆ ತಿಳಿಯಿತು.

ಸೈಟನ್ನೂ ಒಮ್ಮೆ ನೋಡಿ ಎಂದರು ರಂಗಣ್ಣನವರು. ನೋಡಿದೆ. ಕಿಟ್ ಮಾಡಿದವರು ಪರೀಕ್ಷೆಗೆಂದು ಇಟ್ಟಿದ್ದ ಒಂದು ಪುಟ ಹಾಗೆಯೇ ಉಳಿದಿತ್ತು. ಅದರ ವಿಳಾಸ ಆ ಕಿಟ್ ಬಳಸಿದ ಯಾರಿಗಾದರೂ ಗೊತ್ತು. ಅದನ್ನು ಬ್ರೌಸರಿನಲ್ಲಿ ಹೊಡೆದರೆ ಪಾಸ್‌ವರ್ಡ್ ಕೇಳದೆ ಎಲ್ಲ ಹುಡುಗಿಯರ ಹೆಸರು, ನಂಬರ್, ಫೋಟೋ... ಸದ್ದಿಲ್ಲದೆ ಪುಟ ಅಳಿಸಿದೆ. ನಿಜ ಹೇಳಿದ್ದರೆ, ಎಲ್ಲ ನಾನೇ ಬರೆದೆನೆಂಬ ಬಡಾಯಿಯೂ ಬಯಲಾಗುತ್ತಿತ್ತು.

"ಏನಮ್ಮ, ಸೈಟಲ್ಲೇನಾದ್ರೂ ತೊಂದ್ರೆ ಇದ್ಯಾ?" ಎಂದು ಕೇಳಿದರು.

"ಇಲ್ಲ ಸಾರ್, ಸೈಟ್ ಸೇಫಾಗಿದೆ. ಒಳಗಿನೋರೇ ಯಾರೋ ಕೊಟ್ಟಿರ್ಬೇಕು."

ನೀವು ಬಾಗಿಲಲ್ಲೇ ನಿಂತಿದ್ದಿರಿ. "ನಾ ಯಾಕ ಕೊಡ್ಲಿರೀ? ನನಗೂ ಮಗಳದಾಳ" ಎಂದಿರಿ.

ನಿಮ್ಮ ಕೆಲಸ ಹೋಯಿತು. ಅದೇ ಕೇಂದ್ರದಿಂದ ನಿಮ್ಮ ಮಗಳಿಗೆ ನಿಶ್ಚಯವಾಗಿದ್ದ ಬಿನ್ನಿಪೇಟೆಯ ಸಂಬಂಧವೂ ಮುರಿಯಿತು — ಅಂಥವರ ಮನೆಯ ಹೆಣ್ಣು ಬೇಡ ಎಂದರಂತೆ. ಆಗಲೂ ನಾನು ಬಾಯಿ ಬಿಡಲಿಲ್ಲ. ಈಗ ಯಾರೋ ಬರೆದ ನಾಲ್ಕು ಸಾಲು ಕೋಡ್ ಸಿಕ್ಕರೂ ಕಳ್ಳನನ್ನು ಹಿಡಿಯುವವಳಂತೆ ಕೆದಕಿ ನೋಡುತ್ತೇನೆ. ಅದರಿಂದ ನಿಮಗೇನು ಬಂತು?

ಇಷ್ಟು ವರ್ಷಗಳ ಮೇಲೆ, ಕಳೆದ ವಾರ ರಂಗಣ್ಣನವರಿಗೆ ಎಲ್ಲ ಹೇಳಿದೆ. ಅಲ್ಲಿಂದ ನೇರ ಬಿನ್ನಿಪೇಟೆಯ ಆ ಹುಡುಗನ ಮನೆಗೆ ಹೋದೆ. ತಪ್ಪು ನನ್ನದೆಂದರೆ ಸಂಬಂಧ ಮತ್ತೆ ಕೂಡೀತೆಂಬ ದಡ್ಡ ಆಸೆ. ಬಾಗಿಲು ತೆರೆದವಳು ಅವನ ಹೆಂಡತಿ, ಕಂಕುಳಲ್ಲಿ ಮಗು. "ಯಾರ್ ಬೇಕಿತ್ತು?" ಎಂದಳು. ಮನೆ ತಪ್ಪಿತು ಎಂದು ಮತ್ತೊಂದು ಸುಳ್ಳು ಹೇಳಿ ಇಳಿದುಬಂದೆ.

ಭಾನುವಾರ ಕೆಂಗೇರಿಗೆ, ನಿಮ್ಮ ಮನೆಗೆ ಬರುತ್ತೇನೆ ರೇಣುಕಕ್ಕ. ಕ್ಷಮಿಸಿ ಎಂದು ಕೇಳುವುದಿಲ್ಲ. ನಿಮ್ಮ ಮಗಳನ್ನು ಕೂರಿಸಿಕೊಂಡು ಇಷ್ಟನ್ನೂ ಹೇಳಬೇಕು. ಈ ವರ್ಷಗಳಲ್ಲಿ ಒಂದು ಸಲವಾದರೂ ಅವಳೂ ನಿಮ್ಮನ್ನು ಅನುಮಾನಿಸಿರಬಹುದು — ಅಮ್ಮನೇ ಕೊಟ್ಟಿದ್ದರೆ ಎಂದು.